ಒಂದೇ ಉಸಿರಿನ ಪರೀಕ್ಷೆ

ಬ್ಯಾಂಡ್ ಮೇಸ್ಟ್ರಿಗೆ ಡಾಕ್ಟರುಗಳೆಂದರೆ ಅಷ್ಟಕ್ಕಷ್ಟೆ. ತಂಡದಲ್ಲಿ ಯಾರು ಕೆಮ್ಮಿದರೂ ವೈದ್ಯರು ಅವರೇ. ಡ್ರಮ್ಮಿನ ಪೆಟ್ಟಿಗೆಯಲ್ಲಿದ್ದ ಡಬ್ಬಿಯಿಂದ ಮಾತ್ರೆ ತೆಗೆದುಕೊಡುವರು. ಎರಡು ದಿನ ಬಿಟ್ಟು, "ಎಲ್ಲಿ, ಊದು ನೋಡೋಣ" ಎನ್ನುವರು. ಒಂದೇ ಉಸಿರಿನಲ್ಲಿ ಉದ್ದ ಸ್ವರ ನಡುಗದೆ ನಿಂತಿತೋ, ಕಾಯಿಲೆ ಹೋಯಿತೆಂದೇ ಲೆಕ್ಕ. ಉಳಿದ ಮಾತ್ರೆ ವಾಪಸ್ ಡಬ್ಬಿಗೆ, ಮುಂದೆ ಕೆಮ್ಮುವವನಿಗೆ. ತಮ್ಮ ಕಿವಿಯ ಬಗ್ಗೆ ಅವರಿಗೆ ಅಷ್ಟು ಜಂಬ.

ಅವರ ಸ್ವಂತ ತಮ್ಮನೇ ತಂಡದ ಟ್ರಂಪೆಟ್ಟಿನವನು. ಈ ವರ್ಷ ಅವನು ಪ್ರತಿ ಸಲ ಊದಿ ಪಾಸಾದರೂ ಮತ್ತೆ ಮತ್ತೆ ಹಾಸಿಗೆ ಹಿಡಿದ. ಕೊನೆಗೆ ಡಬ್ಬಿಯ ಯಾವ ಮಾತ್ರೆಯೂ ನಾಟಲಿಲ್ಲ. ಈಗ ಮೂಗಿಗೆ ಆಕ್ಸಿಜನ್ ನಳಿಕೆ ಹಾಕಿಸಿಕೊಂಡು ಆಸ್ಪತ್ರೆ ಸೇರಿದ್ದಾನೆ.

"ಶ್ವಾಸಕೋಶದಲ್ಲಿ ಕೂತಿರೋ ಕ್ರಿಮಿ ಯಾವ ಔಷಧಿಗೂ ಕ್ಯಾರೇ ಅಂತಿಲ್ಲ," ಎಂದರು ಡಾಕ್ಟರಮ್ಮ. "ಅರ್ಧಂಬರ್ಧ ಮಾತ್ರೆ ನುಂಗಿಸಿ ನುಂಗಿಸಿ ಅದನ್ನ ನೀವೇ ಪಳಗಿಸಿದೀರಿ. ಉಳಿದಿರೋದು ಈ ಇಂಜೆಕ್ಷನ್ ಒಂದೇ. ನಾನು ಸಾಕು ಅನ್ನೋವರೆಗೂ ನಿಲ್ಲಿಸೋ ಹಾಗಿಲ್ಲ. ಇದಕ್ಕೂ ಬಗ್ಗದಿದ್ರೆ ನನ್ನ ಹತ್ರ ಬೇರೇನೂ ಇಲ್ಲ."

ಜನ್ಮವಿಡೀ ಊದುವವರನ್ನು ಪಳಗಿಸಿದ ಮನುಷ್ಯ ಮೇಸ್ಟ್ರು. ಕ್ರಿಮಿಯನ್ನೂ ಪಳಗಿಸಿದ್ದೇನೆಂದು ಯಾರಿಗೆ ಹೇಳಿಕೊಳ್ಳುವುದು?

ಇಂಜೆಕ್ಷನ್ ಶುರುವಾದ ಮೇಲೆ ಜ್ವರ ಇಳಿಯಿತು, ನಳಿಕೆಯೂ ಹೋಯಿತು. ಆದರೆ ಸೂಜಿ ಚುಚ್ಚಿದಲ್ಲೆಲ್ಲ ಕೈ ಊದಿ ಕಪ್ಪಿಟ್ಟಿತ್ತು, ಉಂಡದ್ದು ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ.

"ಸಾಕಣ್ಣ, ಮನೆಗೆ ಹೋಗೋಣ. ಬೇಕಾದ್ರೆ ನೀನೇ ಕೇಳು," ಎಂದು ತಮ್ಮನು ದಿಂಬಿನಡಿಯಿಂದ ಟ್ರಂಪೆಟ್ಟಿನ ತುದಿಗೆ ಸಿಕ್ಕಿಸಿ ಊದುವ ಬಾಯಿತುಂಡು ತೆಗೆದು ಊದಿಯೇ ಬಿಟ್ಟ.

ಸ್ವರ ನಡುಗಲಿಲ್ಲ. ಪಕ್ಕದ ಮಂಚದವರು ಚಪ್ಪಾಳೆ ತಟ್ಟಿದರು. ಮೇಸ್ಟ್ರು ತಲೆ ತಗ್ಗಿಸಿ ಎಲ್ಲಾದರೂ ಒಂದು ಹುಳುಕು ಸಿಕ್ಕೀತೇ ಎಂದು ಹುಡುಕಿದರು. ಸಿಗಲಿಲ್ಲ. ಒಳ್ಳೆಯ ಸ್ವರ ಕೇಳಿ ಅವರು ಹೆದರಿದ್ದು ಇದೇ ಮೊದಲು.

"ಚೆನ್ನಾಗಿದೆ ತಾನೇ?"

"ಚೆನ್ನಾಗಿದೆ ಕಣೋ."

"ಮತ್ತೆ ನಡಿಯಣ್ಣ."

ಅಷ್ಟರಲ್ಲಿ ನರ್ಸ್ ಹೊಸ ಸೂಜಿ ಹಿಡಿದು ಬಂದಳು. ತಮ್ಮನು ಕೈ ಹಿಂದಕ್ಕೆಳೆದುಕೊಂಡ. ಮೇಸ್ಟ್ರು ಬಾಯಿತುಂಡು ಕಿತ್ತುಕೊಂಡು ಜೇಬಿಗಿಟ್ಟರು. ಆ ಊದಿದ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಮಂಚಕ್ಕೆ ಒತ್ತಿದರು.

"ಚುಚ್ಚಮ್ಮ," ಎಂದರು. "ನನ್ನ ಕಿವಿ ನಂಬಿಯೇ ಇವನು ಇಲ್ಲಿ ಮಲಗಿರೋದು."