ಹಾರ್ಪ್ ನಾಗಲಕ್ಷ್ಮಿಯ ಗಂಡ

ಗುಂಡ್ಲುಪೇಟೆಯಲ್ಲಿ ನೇಂದ್ರ ಬಾಳೆ ವ್ಯಾಪಾರಿ ಸೋಮಶೇಖರ್ ಎಂದರೆ ಒಂದು ಕಾಲಕ್ಕೆ ಯಾರೂ ಎರಡನೇ ಮಾತು ಕೇಳುತ್ತಿರಲಿಲ್ಲ. ತೋಟದಲ್ಲಿ ನಿಂತ ಗೊನೆಯನ್ನು ಕಣ್ಣಲ್ಲೇ ತೂಗಿ, ಕೊಯ್ಯಿಸಿ, ತನ್ನ ಏಸ್ ಗಾಡಿಗೆ ತುಂಬಿಸಿ, ಕಾಡು ದಾಟಿಸಿ ಕೇರಳದ ಸುಲ್ತಾನ್ ಬತ್ತೇರಿಗೆ ಮುಟ್ಟಿಸುವ ಆಸಾಮಿ. ಈಗ ಅದೇ ಪೇಟೆಯಲ್ಲಿ ಅವನ ಮನೆ ಯಾವುದೆಂದು ಕೇಳಿದರೆ, "ಯಾರು, ಹಾರ್ಪ್ ನಾಗಲಕ್ಷ್ಮಮ್ಮೋರ ಗಂಡನ್ಯಾ?" ಎನ್ನುತ್ತಾರೆ. ಇದರಲ್ಲಿ ತನ್ನ ತಪ್ಪೇನೂ ಇಲ್ಲ ಎಂಬುದು ಸೋಮಶೇಖರನ ವಾದ. ತಪ್ಪೆಲ್ಲ ಅಪ್ಪ ಮರಿಮಲ್ಲಪ್ಪನದು. ಮಹಡಿ ಮನೆ ಸುಮ್ಮನೆ ಖಾಲಿ ಬಿದ್ದಿದೆ ಎಂದು ಬಾಡಿಗೆಗೆ ಕೊಟ್ಟವನು ಅವನೇ ತಾನೆ?

ಬಾಡಿಗೆಗೆ ಬಂದವಳು ಐರ್ಲೆಂಡ್ ದೇಶದ ಹೆಂಗಸು. ಬಂಡೀಪುರದ ರಣಹದ್ದುಗಳ ಬಗ್ಗೆ ಓದಲು ಬಂದಿದ್ದಳು. ಹೆಸರು ಮೇವ್. ಮರಿಮಲ್ಲಪ್ಪನಿಗೆ ಮೊದಲ ದಿನವೇ ಮುಜುಗರವಾಯಿತು. "ಮೇವು ಅಂದ್ರೆ ನಮ್ಮಲ್ಲಿ ದನೀಗ್ ಆಕೋದು ಕಣವ್ವ. ಮನುಸ್ರನ್ನ ಅಂಗ್ ಕರಿಯಕ್ಕಾದದಾ?" ಎಂದು ಹಿಂದೆ ಒಂದು ಅಮ್ಮ ಸೇರಿಸಿ ಅವಳನ್ನು ಮೇವಮ್ಮ ಮಾಡಿದ. ಅವಳ ಸಾಮಾನಿನೊಂದಿಗೆ ಸೊಂಟದೆತ್ತರದ ಒಂದು ಮರದ ಚೌಕಟ್ಟು ಬಂದಿತ್ತು. ನೊಗದಂತೆ ಬಾಗಿದ ಕತ್ತು, ಮೇಲಿಂದ ಕೆಳಕ್ಕೆ ಸಾಲಾಗಿ ತಂತಿಗಳು. ಅದನ್ನು ನೋಡಿ ಮರಿಮಲ್ಲಪ್ಪ, "ಪಾಪ, ಮಗ್ಗ ತಂದವಳೆ. ಕಾಡಲ್ಲಿ ಅದ್ದುಗುಳ ನೋಡ್ಕಂಡು ಬಟ್ಟೆ ನೇಯ್ತಳೇನೋ," ಎಂದು ಕನಿಕರಪಟ್ಟ.

ಅದು ಮಗ್ಗವಲ್ಲ ಎಂದು ಆ ಸಂಜೆಯೇ ಗೊತ್ತಾಯಿತು. ಮಹಡಿಯಿಂದ ನೀರು ತೊಟ್ಟಿಕ್ಕಿದಂತೆ ನಾದ ಇಳಿದು ಬಂತು. ಒಲೆ ಮುಂದಿದ್ದ ನಾಗಲಕ್ಷ್ಮಿ ಬೆಂಕಿ ಸಣ್ಣದು ಮಾಡಿ ಮೆಟ್ಟಿಲು ಹತ್ತಿದವಳು, ಆಮೇಲೆ ದಿನಾ ಹತ್ತತೊಡಗಿದಳು. ಇವಳು ಅವಳಿಗೆ ಮುದ್ದೆ ತೊಳಸುವುದು, ಉಪ್ಸಾರು ಕಾಯಿಸುವುದು ಕಲಿಸಿದಳು. ಅವಳು ಇವಳಿಗೆ ಹಾರ್ಪ್ ಎಂಬ ಆ ತಂತಿವಾದ್ಯ ನುಡಿಸುವುದು ಕಲಿಸಿದಳು. ಮೇವಮ್ಮ ಹೇಳಿದ ಪ್ರಕಾರ, ಅವರ ದೇಶದಲ್ಲಿ ಹಿಂದಿನ ಕಾಲದ ಹಾರ್ಪ್ ವಿದ್ವಾಂಸರಿಗೆ ಮೂರು ಬಗೆಯ ನುಡಿಸಾಣಿಕೆ ಬರಬೇಕಿತ್ತಂತೆ: ನಗಿಸುವುದು, ಅಳಿಸುವುದು, ಮಲಗಿಸುವುದು. ನಾಗಲಕ್ಷ್ಮಿಗೆ ಮೊದಲು ಕೈಗೆ ಹತ್ತಿದ್ದು ಮೂರನೆಯದು. ಅದರ ಪರೀಕ್ಷೆ ನಡೆದದ್ದು ಸೋಮಶೇಖರನ ಮೇಲೆ. ಹೆಂಡತಿ ನಾಲ್ಕು ತಂತಿ ಮೀಟುವಷ್ಟರಲ್ಲಿ ಅವನು ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದ.

"ಏನ್ರೀ ಇದು, ನುಡಿಸಕ್ಕೆ ಕುಂತ್ರೆ ಮಲಿಕ್ಕಂಬುಡ್ತೀರಲ್ಲ!"

"ಬೆಳಿಗ್ಗಿಂದ ಗೊನೆ ಎಣಿಸಿ ಸುಸ್ತಾಗಿರ್ತದೆ ಕಣೇ," ಎನ್ನುತ್ತಿದ್ದ ಅವನು, ಕಣ್ಣು ಉಜ್ಜಿಕೊಂಡು.

ಓದು ಮುಗಿಸಿ ಹೊರಟ ಮೇವಮ್ಮ ಹಾರ್ಪನ್ನು ನಾಗಲಕ್ಷ್ಮಿಗೇ ಬಿಟ್ಟು ಹೋದಳು. ಇಬ್ಬರೂ ಬಾಗಿಲಲ್ಲಿ ನಿಂತು ಅತ್ತರು. ಪೀಡೆ ಇಲ್ಲಿಗೆ ಕಳೆಯಿತು, ಇನ್ನು ಅದು ಅಟ್ಟ ಸೇರುತ್ತದೆ ಎಂದು ಸೋಮಶೇಖರ್ ಸಮಾಧಾನಪಟ್ಟುಕೊಂಡ. ಆದರೆ ಅದು ಅಟ್ಟ ಸೇರುವ ಬದಲು ಮರಿ ಹಾಕಿತು. ಪಕ್ಕದ ಮನೆಯ ಹಿಂದಿ ಟೀಚರ್ ನಾಗರತ್ನ, "ನಂಗೂ ಹೇಳ್ಕೊಡಿ ಅಕ್ಕ," ಎಂದಳು. ಅವನದೇ ಬಾಳೆ ಮಂಡಿಯಲ್ಲಿ ಕೆಲಸಕ್ಕಿದ್ದ ಗುರುಮಲ್ಲಮ್ಮ ಒಂದು ದಿನ ಕೈ ತೊಳೆದುಕೊಂಡು ಬಂದು ಕೂತಳು. ಸೋಬಾನೆ ಪದಕ್ಕೆ ಊರಿಗೇ ಹೆಸರಾದವಳು, ಬೆರಳಲ್ಲಿ ಕಸುವಿತ್ತು. ಅವಳ ಹಿಂದೆಯೇ ಬಿ.ಕಾಂ. ಓದುವ ಮಗಳು ಪ್ರಿಯಾಂಕ. ಆಮೇಲೆ ಟೈಲರಿಂಗ್ ಅಂಗಡಿಯ ಅಕ್ಕ ತಂಗಿ ಇಬ್ಬರು. ಆರು ಜನಕ್ಕೆ ಒಂದು ಹಾರ್ಪ್ ಸಾಲದಾಯಿತು.

ಬಡಗಿ ಪುಟ್ಟಮಾದುವನ್ನು ಕರೆಸಿದರು. ಅವನು ಹಾರ್ಪನ್ನು ಸುತ್ತು ಹಾಕಿ ನೋಡಿ, "ತೊಟ್ಲೂ ಅಲ್ಲ, ನೇಗ್ಲೂ ಅಲ್ಲ. ನೋಡನ ಬುಡಿ," ಎಂದು ಹಲಸಿನ ಮರ ಕೊಯ್ದ. ಅವನು ಮಾಡಿದ ಮೊದಲ ಹಾರ್ಪು ತಂತಿ ಬಿಗಿದ ಕೂಡಲೇ ಮುಗ್ಗರಿಸಿದ ಎತ್ತಿನಂತೆ ಮುಂದಕ್ಕೆ ಮಡಚಿಕೊಂಡಿತು. ಎರಡನೆಯದು ನಿಂತಿತು, ಉಳಿದವು ಸಲೀಸಾದವು. ತಂತಿಗೆ ಮೀನು ಹಿಡಿಯುವ ಗಾಳದ ನೈಲಾನ್ ದಾರವೇ ಸರಿ ಎಂದು ಮೇವಮ್ಮ ಫೋನಿನಲ್ಲಿ ಹೇಳಿದಳು. ಜನ್ಮದಲ್ಲಿ ಮೀನು ಮುಟ್ಟದ ಸೋಮಶೇಖರ್, ಹಣೆ ತುಂಬ ವಿಭೂತಿ ಇಟ್ಟುಕೊಂಡು ಮೈಸೂರಿನ ಗಾಳದ ಅಂಗಡಿಯಲ್ಲಿ ನಿಲ್ಲಬೇಕಾಯಿತು.

"ಯಾವ ಕೆರೆಗೆ ಸ್ವಾಮಿ?" ಎಂದ ಅಂಗಡಿಯವನು.

"ಮನೆಗೆ," ಎಂದ ಸೋಮಶೇಖರ್, ಆಚೆ ಈಚೆ ನೋಡಿ.

ಹೀಗೆ ಶುರುವಾಯಿತು ಐರಿಷ್ ಹಾರ್ಪ್ ಮಹಿಳಾ ವೃಂದ, ಗುಂಡ್ಲುಪೇಟೆ. ಹಾರ್ಪುಗಳನ್ನು ಹೊತ್ತು ಸಾಗಿಸಲು ಗಾಡಿ ಇದ್ದವನು ಸೋಮಶೇಖರ್ ಒಬ್ಬನೇ ಆದ್ದರಿಂದ, ಅವನು ಡ್ರೈವರ್, ಹಮಾಲಿ, ಮ್ಯಾನೇಜರ್ ಎಲ್ಲವೂ ಆದ. ಮೊದಲ ಕಾರ್ಯಕ್ರಮ ಕುದೇರಿನಲ್ಲಿ, ಒಂದು ಸಂಘದ ವಾರ್ಷಿಕೋತ್ಸವ. ಹೋಗಿ ನೋಡುತ್ತಾರೆ, ವೇದಿಕೆ ಮುಂದೆ ಜನವೋ ಜನ. ನಾಗಲಕ್ಷ್ಮಿಗೆ ಕಣ್ಣು ತುಂಬಿ ಬಂತು. ಆಮೇಲೆ ಬ್ಯಾನರ್ ಕಡೆ ಕಣ್ಣು ಹೋಯಿತು. ಬರೆದವನು ತನಗೆ ಗೊತ್ತಿದ್ದ ಪದವನ್ನೇ ಬರೆದಿದ್ದ: 'ಐರಿಷ್ ಹಾರ್ಪಿಕ್ ಮಹಿಳಾ ವೃಂದ'. ಕಕ್ಕಸು ತೊಳೆಯುವ ಬಾಟಲಿ ಪುಕ್ಕಟೆ ಹಂಚುತ್ತಾರೆಂದು ಅಕ್ಕಪಕ್ಕದ ಊರಿನವರೂ ಬಂದಿದ್ದರು.

"ಬಾಟ್ಲಿ ಯಾವಾಗ್ ಕೊಟ್ಟೀರಿ?" ಎಂದು ಮುಂದಿನ ಸಾಲಿನ ಅಜ್ಜಿ ಕೇಳಿದಳು.

"ಇನ್ನೇನ್ ಕೊಡ್ತರೆ, ಕೂತ್ಕಳಜ್ಜಿ," ಎಂದು ಸಂಘದ ಕಾರ್ಯದರ್ಶಿ ಜನ ಎದ್ದು ಹೋಗದಂತೆ ನೋಡಿಕೊಂಡ. ನಾಗಲಕ್ಷ್ಮಿ ನುಡಿಸಿದಳು. ಅಜ್ಜಿಯ ತೊಡೆಯ ಮೇಲೆ ಅಷ್ಟು ಹೊತ್ತೂ ಚೀರುತ್ತಿದ್ದ ಮರಿಮಗು ಸ್ವಿಚ್ ಆರಿಸಿದಂತೆ ನಿದ್ದೆ ಹೋಯಿತು. ಅಜ್ಜಿ ಬಾಟಲಿ ಮರೆತಳು. "ಈ ಮಗ ಉಟ್ಟಿದಾಗಿಂದ ನಾವ್ ಯಾರೂ ಮಲಗಿರ್ನಿಲ್ಲ ಕಣವ್ವ. ನಮ್ಮನೇಗ್ ಬಂದು ಇರಿ," ಎಂದಳು.

ಆ ಅಜ್ಜಿಯ ಬಾಯಿಂದಲೇ ವೃಂದದ ಹೆಸರು ಊರೂರು ತಿರುಗಿತು. ಚಾಮರಾಜನಗರದಿಂದ ಹಿಡಿದು ತೆರಕಣಾಂಬಿಯವರೆಗೆ ತೊಟ್ಟಿಲ ಶಾಸ್ತ್ರ ಎಂದರೆ ಹಾರ್ಪ್ ಬರಬೇಕು ಎಂದಾಯಿತು. ಕೂಸು ಮಲಗುತ್ತಿತ್ತು, ಕೂಸಿನ ತಾಯಿ ಮಲಗುತ್ತಿದ್ದಳು, ಊಟದ ನಂತರವಾದರೆ ನೆಂಟರೂ ಮಲಗುತ್ತಿದ್ದರು. ಎಲ್ಲರಿಗಿಂತ ಮೊದಲು ಮಲಗುತ್ತಿದ್ದವನು ಸೋಮಶೇಖರ್, ಗಾಡಿಯ ಸೀಟಿನಲ್ಲಿ.

ಒಮ್ಮೆ ಚಾಮರಾಜನಗರದ ಕಾರ್ಯಕ್ರಮ ಮುಗಿಸಿ ಬಂದವನು ಹಾರ್ಪುಗಳನ್ನು ಇಳಿಸಲು ಸೋಮಾರಿತನವಾಗಿ, ಒಂದನ್ನು ಗೊನೆಗಳ ನಡುವೆ ಹಾಗೇ ಬಿಟ್ಟು ಬತ್ತೇರಿಗೆ ಹೋದ. ಅಲ್ಲಿ ಅವನಿಂದ ಬಾಳೆ ಕೊಳ್ಳುವ ವರ್ಗೀಸ್ ಎಂಬ ದೊಡ್ಡ ವ್ಯಾಪಾರಿ ಗೊನೆ ಎತ್ತಿಸುತ್ತಿದ್ದವನು ಎದೆ ಮುಟ್ಟಿಕೊಂಡು ನಿಂತ.

"ಸೋಮಣ್ಣಾ! ಇದು ನಮ್ಮ ಪಳ್ಳೀಲಿ ಗೋಡೆ ಮೇಲೆ ಇರೋ ಮಾಲಾಖ ಕೈಯಲ್ಲಿ ಉಂಟಲ್ಲಾ!"

ಪಳ್ಳಿ ಎಂದರೆ ಚರ್ಚು, ಮಾಲಾಖ ಎಂದರೆ ದೇವದೂತೆ. ಸೋಮಶೇಖರನಿಗೆ ವ್ಯಾಪಾರದ ಮಲಯಾಳಂ ಅಷ್ಟಿಷ್ಟು ಬರುತ್ತಿತ್ತು; ಬಾಳೆಯ ವಿಷಯಕ್ಕೆ ಸಾಲುವಷ್ಟು, ದೇವದೂತೆಯರಿಗೆ ಸಾಲುವಷ್ಟಲ್ಲ. ಜಂಬದಲ್ಲಿ, "ನಮ್ ಮನೇಲಿ ಇಂಥವು ಆರು ಅವೆ," ಎಂದುಬಿಟ್ಟ. ಮುಂದಿನ ಲೋಡು ತೆಗೆದುಕೊಂಡು ಹೋಗುವಷ್ಟರಲ್ಲಿ ವರ್ಗೀಸ್ ತನ್ನ ಚರ್ಚಿನ ಹಬ್ಬಕ್ಕೆ ಪೋಸ್ಟರ್ ಹಾಕಿಸಿಬಿಟ್ಟಿದ್ದ: ಕರ್ನಾಟಕದಿಂದ ಆರು ಮಾಲಾಖಗಳು, ಆರು ಹಾರ್ಪುಗಳು.

ಹಬ್ಬದ ಹಿಂದಿನ ದಿನ ಪ್ರಿಯಾಂಕ ಮುಖ ಸಣ್ಣದು ಮಾಡಿಕೊಂಡು ಬಂದಳು. ಮೈಸೂರಿನಲ್ಲಿ ಬ್ಯಾಂಕ್ ಪರೀಕ್ಷೆ, ಅದೇ ದಿನ.

"ಪರೀಕ್ಷೆ ಬುಡಕ್ಕಾದದಾ, ಓಗು ಕೂಸೆ," ಎಂದಳು ನಾಗಲಕ್ಷ್ಮಿ. ಅವಳು ಹೋದ ಮೇಲೆ ಗಂಡನ ಕಡೆ ತಿರುಗಿ ಅವನನ್ನು ಮೇಲಿಂದ ಕೆಳಕ್ಕೆ ನೋಡಿದಳು. ಅವನು ತೋಟದಲ್ಲಿ ಗೊನೆ ನೋಡುವ ಹಾಗೇ. "ನೀವು ಕೂತ್ಕಳಿ."

"ನಾನಾ? ಮೀಸೆ ಇಟ್ಕಂಡು ಮಾಲಾಖನಾ?"

"ಆರು ಅಂದೋರು ಯಾರು? ಕೊನೇಲಿ ಕೂತ್ಕಂಡು ಸುಮ್ನೆ ಕೈ ಆಡ್ಸಿ. ತಂತಿ ಮಾತ್ರ ಮುಟ್ಬ್ಯಾಡಿ."

ಬೆಳಿಗ್ಗೆ ಹೊರಟರು. ಉಳಿದವರೆಲ್ಲ ಬಾಡಿಗೆ ಓಮ್ನಿಯಲ್ಲಿ, ನಾಗಲಕ್ಷ್ಮಿ ಹಾರ್ಪುಗಳ ಕಾವಲಿಗೆ ಗಂಡನ ಪಕ್ಕ. ಕಾಡಿನಂಚಿನ ಮದ್ದೂರು ಚೆಕ್‌ಪೋಸ್ಟಿನಲ್ಲಿ ಫಾರೆಸ್ಟ್ ಗಾರ್ಡ್ ನಿಂಗರಾಜು ಟಾರ್ಪಾಲು ಎತ್ತಿ ನೋಡಿದವನು ಎರಡು ಹೆಜ್ಜೆ ಹಿಂದೆ ಸರಿದ.

"ಏನ್ ಸಾವ್ಕಾರ್ರೆ, ಗೊನೆ ಬುಟ್ಟು ಬಿಲ್ಲು ತುಂಬ್ಕಂಡಿದ್ದೀರಿ? ಶಿಕಾರಿಗಾ?"

"ಬಿಲ್ಲಲ್ಲ ಕಣಯ್ಯಾ, ವಾದ್ಯ."

"ಇಷ್ಟೊಂದು ದಾರ ಅದೆ. ಒಂದೇ ಏಟ್ಗೆ ಎಷ್ಟು ಬಾಣ ಓಯ್ತವೆ?"

ನಾಗಲಕ್ಷ್ಮಿ ಇಳಿದು, ಒಂದು ಹಾರ್ಪನ್ನು ಇಳಿಸಿಕೊಂಡು ಅಲ್ಲೇ ಕಲ್ಲಿನ ಮೇಲೆ ಕೂತು ನುಡಿಸಿದಳು. ನಿಂಗರಾಜು ಸ್ವಲ್ಪ ಹೊತ್ತು ಕೇಳಿದ. ಆಕಳಿಸಿದ. ತಟ್ಟನೆ ಎಚ್ಚೆತ್ತು, "ಸಾಕು ಕಣಕ್ಕ, ಡ್ಯೂಟಿ ಮೇಲಿವ್ನಿ," ಎಂದು ಗೇಟು ಎತ್ತಿಸಿದ.

ಬತ್ತೇರಿಯಲ್ಲಿ ಎಲ್ಲರಿಗೂ ಚಿನ್ನದಂಚಿನ ಬಿಳಿ ಕೇರಳ ಸೀರೆ ಕಾದಿತ್ತು. "ಮುತ್ತೈದೇರು ಬಿಳೀ ಸೀರೆ ಉಡದಾ?" ಎಂದು ಗುರುಮಲ್ಲಮ್ಮ ತಕರಾರು ತೆಗೆದಳು. ಅಂಚಿನ ಜರಿ ಉಜ್ಜಿ ನೋಡಿದ ಮೇಲೆ ಸುಮ್ಮನಾದಳು. ಸೋಮಶೇಖರನಿಗೆ ಬಟ್ಟೆಯ ಚಿಂತೆ ಇರಲಿಲ್ಲ. ಬಿಳಿ ಪಂಚೆ, ಬಿಳಿ ಶರಟು ಅವನ ದಿನದ ಉಡುಪೇ. ಅವನ ಚಿಂತೆಯೆಲ್ಲ ಊಟದ ಮೇಲಿತ್ತು. ವರ್ಗೀಸ್ ಅವನಿಗೆಂದೇ ಈರುಳ್ಳಿ ಬೆಳ್ಳುಳ್ಳಿ ಕೂಡ ಹಾಕದ ಸಸ್ಯಾಹಾರ ಮಾಡಿಸಿ, ಪಕ್ಕದಲ್ಲೇ ನಿಂತು ಪಾಯಸ ಬಡಿಸಿದ. ಬೇಡ ಎನ್ನಲು ಮಲಯಾಳಂನಲ್ಲಿ ಏನೆನ್ನಬೇಕು ಎಂಬುದು ಸೋಮಶೇಖರನಿಗೆ ನೆನಪಾಗಲಿಲ್ಲ. ಊಟ ಮುಗಿಸಿದವರು ನೇರವಾಗಿ ವೇದಿಕೆ ಹತ್ತಿದರು.

ಮೈದಾನ ತುಂಬಿತ್ತು. ಒಂದೊಂದು ಹಾರ್ಪಿನ ಮುಂದೆಯೂ ಒಂದೊಂದು ಮೈಕು. ಶುರುವಿನಲ್ಲಿ ಸೋಮಶೇಖರ್ ಚೆನ್ನಾಗಿಯೇ ನಿಭಾಯಿಸಿದ. ಕಣ್ಣು ಅರೆಮುಚ್ಚಿ, ತಂತಿಯಿಂದ ಒಂದು ಬೆರಳು ಈಚೆಗೆ ಗಾಳಿಯಲ್ಲಿ ಕೈ ಆಡಿಸಿದ. ಮುಂದೆ ಕೂತ ಹೆಂಗಸರು ಅವನನ್ನೇ ತೋರಿಸಿ ಏನೋ ಮೆಚ್ಚಿ ಮಾತಾಡಿಕೊಳ್ಳುವುದು ಕಂಡಿತು. ಅವನಿಗೆ ಒಳಗೊಳಗೇ ಖುಷಿಯಾಗಿ, ತಲೆಯನ್ನೂ ತೂಗಿದ. ಆಮೇಲೆ ನಾಗಲಕ್ಷ್ಮಿ ಮುಂದಿನ ರಾಗಕ್ಕೆ ತಿರುಗಿದಳು. ಮಲಗಿಸುವುದು.

ಹೊಟ್ಟೆಯಲ್ಲಿ ಪಾಯಸ, ಕಿವಿಯಲ್ಲಿ ಹಾರ್ಪು. ಅವನ ಕೆನ್ನೆ ಮೆಲ್ಲಗೆ ಹಾರ್ಪಿನ ಹಲಸಿನ ಚೌಕಟ್ಟಿಗೆ ಒರಗಿತು. ಮೈಕಿನಲ್ಲಿ ಒಂದು ಗಂಭೀರವಾದ ಗುಂಯ್‌ಕಾರ ಹೊರಟು ಮೈದಾನದ ತುಂಬ ಹರಡಿತು. ಜನ ಅದನ್ನು ಶ್ರುತಿ ಎಂದುಕೊಂಡರು. ಸೌಂಡ್ ಸಿಸ್ಟಮ್ಮಿನವನು ಮೆಚ್ಚಿ ಇನ್ನಷ್ಟು ಏರಿಸಿದ. ನಾಗಲಕ್ಷ್ಮಿಗೆ ಮಾತ್ರ ಆ ಶ್ರುತಿ ಮದುವೆಯಾದಂದಿನಿಂದ ಪರಿಚಯ. ಅವಳು ನಾಗರತ್ನಳಿಗೆ ಕಣ್ಸನ್ನೆ ಮಾಡಿದಳು. ನಾಗರತ್ನ ತಂತಿ ಬಿಗಿಯುವ ಕೀಲಿಯಿಂದ ಅವನ ಪಕ್ಕೆಗೆ ತಿವಿದಳು.

"ಗಾಡಿ ಬಂತಾ!" ಎಂದು ಸೋಮಶೇಖರ್ ಬೆಚ್ಚಿ ಎದ್ದ. ಎದ್ದ ರಭಸಕ್ಕೆ ಅವನ ಕೈ ತಂತಿಗಳನ್ನೆಲ್ಲ ಈ ತುದಿಯಿಂದ ಆ ತುದಿಗೆ ಬಾಚಿಕೊಂಡು ಹೋಯಿತು. ಝರ್‍ರನೆ ಸಿಡಿಲಿನಂಥ ಸದ್ದು. ಐದೂ ಜನರ ಬೆರಳು ನಿಂತವು.

ಸೋಮಶೇಖರ್ ಹೆಂಡತಿಯ ಮುಖ ನೋಡಿದ. ಕೋಪವಿದ್ದಿದ್ದರೆ ತಡೆದುಕೊಳ್ಳುತ್ತಿದ್ದ, ಅಲ್ಲಿದ್ದದ್ದು ಅಳು. ಇಷ್ಟು ವರ್ಷ ಗಾಡಿ ಓಡಿಸಿದವನಿಗೆ ಅವಳು ಇದನ್ನು ಎಷ್ಟು ಹಚ್ಚಿಕೊಂಡಿದ್ದಾಳೆ ಎಂದು ಆ ಕ್ಷಣ ಹೊಳೆದು, ವೇದಿಕೆ ಬಾಯಿ ಬಿಡಬಾರದೇ ಎನಿಸಿತು.

ಅಷ್ಟರಲ್ಲಿ ಗುರುಮಲ್ಲಮ್ಮ ಗಂಟಲು ಸರಿಮಾಡಿಕೊಂಡಳು. ಯಾರ ಅಪ್ಪಣೆಗೂ ಕಾಯದೆ ತನ್ನೂರಿನ ಒಂದು ಸೋಬಾನೆ ಪದ ಎತ್ತಿದಳು. ಏರುದನಿ, ಮೈಕೂ ಬೇಕಿರಲಿಲ್ಲ. ನಾಗಲಕ್ಷ್ಮಿ ಕಣ್ಣೊರೆಸಿಕೊಂಡು ಆ ಪದದ ಕೆಳಗೆ ಐರ್ಲೆಂಡಿನ ಸ್ವರಗಳನ್ನು ಹಾಸಿದಳು, ಉಳಿದವರು ಹಿಂಬಾಲಿಸಿದರು. ಮಾತು ಒಂದೂ ತಿಳಿಯದ ಜನ ತಾಳ ಹಾಕತೊಡಗಿದರು. ಮುಗಿದಾಗ ಚಪ್ಪಾಳೆ ನಿಲ್ಲಲೇ ಇಲ್ಲ. ಪಾದ್ರಿಗಳು ವೇದಿಕೆ ಹತ್ತಿ ಬಂದು ಎಲ್ಲರನ್ನೂ ಬಿಟ್ಟು ಸೋಮಶೇಖರನ ಕೈ ಹಿಡಿದರು. ಆ ಒಂದು ಮೀಟಿಗೆ ಮೈ ಜುಮ್ಮೆಂದಿತು, ಎಷ್ಟು ವರ್ಷದ ಸಾಧನೆ ಎಂದು ಕೇಳಿದರು. ಅವನು ಕೈ ಮುಗಿದ. ಅದನ್ನೂ ವಿನಯ ಎಂದುಕೊಂಡರು.

ವಾಪಸು ಬರುವಾಗ ಗಾಡಿಯಲ್ಲಿ ನಾಗಲಕ್ಷ್ಮಿ ಕಿಟಕಿಯಾಚೆ ಮುಖ ಮಾಡಿ ಕೂತಿದ್ದಳು. ಗಡಿಯ ಮೂಲೆಹೊಳೆ ದಾಟಿ ಸ್ವಲ್ಪ ದೂರ ಬಂದರೆ, ಸಂಜೆ ಬಿಸಿಲಿನಲ್ಲಿ ಒಂದು ಹೆಣ್ಣಾನೆ ಮರಿ ಕಟ್ಟಿಕೊಂಡು ರಸ್ತೆ ನಡುವೆ ನಿಂತಿತ್ತು. ಸೋಮಶೇಖರ್ ಇಂಜಿನ್ ಆರಿಸಿದ. ಆನೆಗೆ ಅವಸರವಿರಲಿಲ್ಲ.

"ನಾನ್ ನುಡಿಸೋದು ಅಷ್ಟ್ ಬ್ಯಾಸ್ರನಾ ನಿಮ್ಗೆ?" ಎಂದಳು ನಾಗಲಕ್ಷ್ಮಿ, ಆನೆಯನ್ನೇ ನೋಡುತ್ತ.

"ಬ್ಯಾಸ್ರ ಅಲ್ಲ ಕಣೇ. ದಿನಾ ತಲೇಲಿ ಗೊನೆ, ರೇಟು, ಲೋಡು ಅಂತ ಗಿರಗಿರ ಸುತ್ತಿರ್ತದೆ. ನೀನು ನುಡಿಸಕ್ಕೆ ಸುರು ಮಾಡಿದ್ರೆ ಅದೆಲ್ಲ ನಿಂತೋಯ್ತದೆ. ನಿಂತ ತಕ್ಷಣ ನಿದ್ದೆ. ಬ್ಯಾರೆ ಎಲ್ಲೂ ನಂಗೆ ಅಂಗೆ ನಿಲ್ಲಕಿಲ್ಲ."

ಅವಳ ಹೆಗಲು ಅಲುಗತೊಡಗಿತು. ಅಳುತ್ತಿದ್ದಾಳೆ ಎಂದುಕೊಂಡ; ನೋಡಿದರೆ ನಗು. "ಗಾಡಿ ಬಂತಾ ಅಂದ್ರಲ್ರೀ, ಅಷ್ಟು ಜನದ್ ಮುಂದೆ!" ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವನಿಗೂ ತಡೆಯಲಾಗಲಿಲ್ಲ. ಇಬ್ಬರೂ ನಕ್ಕ ಸದ್ದಿಗೆ ಆನೆ ಒಮ್ಮೆ ತಿರುಗಿ ನೋಡಿ, ಮರಿಯನ್ನು ಮುಂದೆ ತಳ್ಳಿಕೊಂಡು ಪೊದೆಯೊಳಗೆ ಇಳಿಯಿತು.

ಆದರೆ ಪಾರಾದೆ ಎಂದುಕೊಂಡದ್ದು ಸುಳ್ಳಾಯಿತು. ವಾರದೊಳಗೆ ವರ್ಗೀಸ್ ಫೋನ್ ಮಾಡಿದ. ಕ್ರಿಸ್‌ಮಸ್‌ಗೆ ಇನ್ನೂ ದೊಡ್ಡ ಚರ್ಚಿನಲ್ಲಿ ಕಾರ್ಯಕ್ರಮ, ಮೀಸೆ ವಿದ್ವಾಂಸರು ಬರಲೇಬೇಕು, ಅವರ ಫೋಟೋ ಆಗಲೇ ಪ್ರೆಸ್ಸಿಗೆ ಹೋಗಿದೆ ಎಂದ. ನಾಗಲಕ್ಷ್ಮಿ ಫೋನಿಟ್ಟು, ಇನ್ನು ಮೇಲೆ ಸುಳ್ಳು ಕೈ ಆಡಿಸುವುದು ನಡೆಯುವುದಿಲ್ಲ, ಕಲಿಯಲೇಬೇಕು ಎಂದಳು. ಗಂಡನಿಗೆ ತಾನೇ ಹೇಳಿಕೊಟ್ಟರೆ ಮನೆಯಲ್ಲಿ ಜಗಳವಾಗುತ್ತದೆಂದು ಅವನನ್ನು ಗುರುಮಲ್ಲಮ್ಮನಿಗೆ ಒಪ್ಪಿಸಿದಳು.

ಈಗ ದಿನಾ ಸಂಜೆ ಮಂಡಿಯ ಬಾಗಿಲು ಎಳೆದ ಮೇಲೆ ಪಾಠ. ಹಗಲೆಲ್ಲ, "ಗುರುಮಲ್ಲಮ್ಮ, ಆ ಗೊನೆ ಸರಿಯಾಗ್ ಜೋಡ್ಸು," ಎನ್ನುವ ಸಾವ್ಕಾರ, ಸಂಜೆ ಅವಳೆದುರು ಬೆನ್ನು ನೆಟ್ಟಗೆ ಮಾಡಿ ಕೂರುತ್ತಾನೆ. "ಎಬ್ಬೆಟ್ಟು ಮ್ಯಾಕ್ಕೆ ಎತ್ತಿ ಸಾವ್ಕಾರ್ರೆ. ಬಾಳೆಕಾಯಿ ಇಸುಕ್ದಂಗೆ ಇಸುಕ್ಬ್ಯಾಡಿ," ಎಂದು ಅವಳು ಬೆರಳಿಗೆ ಹೊಡೆಯುತ್ತಾಳೆ. ಗೋಡೆಯಾಚೆ ಪ್ರಿಯಾಂಕ ನಗುವುದು ಕೇಳಿಸುತ್ತದೆ.

ಮೊನ್ನೆ ಅವನು ಮೊದಲ ಬಾರಿಗೆ ಒಂದು ಸಾಲನ್ನು ತಪ್ಪಿಲ್ಲದೆ ನುಡಿಸಿದ. ನಿದ್ದೆಯೂ ಬರಲಿಲ್ಲ. ಬೆವರೊರೆಸಿಕೊಂಡು, ಮೀಸೆ ತೀಡಿ, ಹೊಗಳಿಕೆಗೆ ಕಾದು ಕೂತ.

"ಬಲಗೈದಾಯ್ತು," ಎಂದಳು ಗುರುಮಲ್ಲಮ್ಮ. "ಈಗ ಎಡಗೈ ತಗೀರಿ."