ಯತ್ತಪ್ಪನ ಕಂಬಳಿ ಕಾಯುವ ನಾಯಿ

ನಮ್ಮಕ್ಕ ಕೆಂಪಕ್ಕ ಗಂಡ ಸತ್ತ ಮೇಲೂ ಗಂಡನ ಜೊತೆಯಲ್ಲೇ ಕುರಿ ಕಾಯುತ್ತಿದ್ದಳು. ಹಾಗಂದರೆ ನೀವು ನಗುತ್ತೀರಿ. ನಗಿ, ನನಗೇನು! ಬೆಳಿಗ್ಗೆ ಮಿಡಿಗೇಶಿ ಬೆಟ್ಟದ ತಪ್ಪಲಲ್ಲಿ ಮಂಜು ಬಿಡುವ ಹೊತ್ತಿಗೆ ನೀವು ಬಂದು ನಿಂತಿದ್ದರೆ ನಿಮಗೂ ಹಾಗೇ ಅನ್ನಿಸುತ್ತಿತ್ತು.

ನಮ್ಮ ಗೊಲ್ಲರಹಟ್ಟಿಯವರು ಕುರಿ ಮೇಯಿಸಲು ಹೋದಾಗ ಬಂಡೆಯ ಮೇಲೆ ಕಂಬಳಿ ಮಡಿಸಿಟ್ಟು, ನಾಯಿಯನ್ನು ಪಕ್ಕದಲ್ಲಿ ಕೂರಿಸಿ, ಮಂದೆಯ ಹಿಂದೆ ಹೋಗುತ್ತಾರೆ. ಕಂಬಳಿ ಇದ್ದ ಕಡೆ ಯಜಮಾನ ಕೂತಿದ್ದಾನೆ ಅಂತಲೇ ನಾಯಿಯ ಲೆಕ್ಕ. ಮಳೆಯಲ್ಲಿ ನೆನೆಯುತ್ತಿದ್ದರೂ ಆ ಕಂಬಳಿಯನ್ನು ನಮ್ಮವರು ಯಾರೂ ಮುಟ್ಟುವುದಿಲ್ಲ. ಭಾವ ಯತ್ತಪ್ಪ ಹೋದ ಮೇಲೆ ಅವನ ಕಂಬಳಿಯನ್ನು ಅಕ್ಕ ಒಂದು ಸಲವೂ ಹೊದೆಯಲಿಲ್ಲ. ತಲೆಯ ಮೇಲೆ ಹೊತ್ತು ತಂದು ಅವನು ಕೂರುತ್ತಿದ್ದ ಬಂಡೆಯ ಮೇಲೇ ಇಡುವಳು. ಅವನ ನಾಯಿ ಬಂಟ ಪಕ್ಕದಲ್ಲಿ ಕೂರುವುದು. ಸಂಜೆ ಕಂಬಳಿಯ ಮುಂದೆ ನಿಂತು, "ಏಳು, ಹೋಗಾನ" ಅನ್ನುವಳು. ಆಮೇಲೇ ಅದನ್ನು ಎತ್ತುವಳು.

"ಯಾರ್ನಕ್ಕಾ ಎಬ್ಬಿಸ್ತೀಯಾ? ತಲೆ ಕೆಟ್ಟೈತಾ?" ಅಂತ ನಾನು ರೇಗುತ್ತಿದ್ದೆ.

"ನಿಂಗೆ ಕಾಣಾಕಿಲ್ಲ, ಬುಡು ಭೀಮಿ" ಅಂತ ನಗುವಳು. ಅವಳ ನಗು ಕಂಡರೆ ನನ್ನ ಸಿಟ್ಟು ಇನ್ನೂ ಏರುತ್ತಿತ್ತು.

ಎಪ್ಪತ್ತೆಂಟನೇ ಇಸವಿ ಇರಬೇಕು. ಬಡವನಹಳ್ಳಿಯ ಬೆಲ್ಲದ ವ್ಯಾಪಾರಿ ನಾಗಲಿಂಗಯ್ಯನವರು ಸೈಕಲ್ಲು ತಳ್ಳಿಕೊಂಡು ಆ ದಾರಿಯಲ್ಲಿ ಬಂದರು. ಯಾರೋ ಕಂಬಳಿ ಮರೆತು ಹೋಗಿದ್ದಾರೆ, ಹಟ್ಟಿಗೆ ಮುಟ್ಟಿಸೋಣ ಅಂತ ಎತ್ತಿಕೊಂಡರು. ಒಳ್ಳೆಯ ಮನಸ್ಸಿನಿಂದಲೇ ಎತ್ತಿದ್ದು, ಸುಳ್ಳು ಯಾಕೆ ಹೇಳಲಿ. ಬಂಟ ಅವರ ಮುಂಗೈಗೆ ಬಾಯಿ ಹಾಕಿಬಿಟ್ಟ. ರಕ್ತ ಸುರಿಸಿಕೊಂಡು ಹಟ್ಟಿಗೆ ಓಡಿ ಬಂದು, "ಯಾರ ನಾಯಿ ಅದು?" ಅಂತ ಕೂಗಿದರು. ಅಕ್ಕ ಮಂದೆಯ ಹಿಂದೆ ದೂರದಲ್ಲಿದ್ದಳು. ನಮ್ಮ ಗಂಡಸರೆಲ್ಲ ನೆಲ ನೋಡುತ್ತಾ, "ಗೊತ್ತಿಲ್ಲ ಸ್ವಾಮಿ" ಅಂದರು. ಅವರಿಗೆ ಕಚ್ಚಿಸಿಕೊಂಡ ನೋವಿಗಿಂತ ಆ ಮಾತು ಜಾಸ್ತಿ ಉರಿಸಿತು. ನೆಟ್ಟಗೆ ಪೊಲೀಸರ ಹತ್ತಿರ ಹೋದರು.

ಪೊಲೀಸರು ಕಂಬಳಿ ಯಾರದೆಂದು ಪತ್ತೆ ಹಚ್ಚಿದರು, ಕೇಸು ಅಕ್ಕನ ಮೇಲೆ ಬಂತು. ಮಧುಗಿರಿಯ ವಕೀಲ ಪರ್ವತಯ್ಯ ಬಿಡಿಸಿ ಹೇಳಿದರು. "ನೋಡಮ್ಮ, ಸಾಕಿದ ನಾಯಿನ ಹತೋಟಿಲಿ ಇಟ್ಕೊಳ್ದೆ ಇನ್ನೊಬ್ರಿಗೆ ಗಾಯ ಆದ್ರೆ, ಸಾಕಿದೋರಿಗೇ ಶಿಕ್ಷೆ. ಜೈಲಿಗೂ ಕಳಿಸ್ಬೋದು. ನಂದಲ್ಲ, ಬೀದಿನಾಯಿ ಅಂದ್ಬಿಡು, ಕೇಸು ನಿಲ್ಲಲ್ಲ."

"ಬಂಟ?"

"ಯಜಮಾನ್ರಿಲ್ಲದ ಕಚ್ಚೋ ನಾಯಿನ ಮುನಿಸಿಪಾಲ್ಟಿಯೋರು ಬಿಡ್ತಾರಾ? ಹಿಡ್ಕೊಂಡೋಗಿ ಕೊಲ್ತಾರೆ."

"ಅಂಗೇ ಅಂದ್ಬುಡಕ್ಕಾ. ನೀನು ಜೈಲಿಗೋದ್ರೆ ಕುರಿ ಗತಿ ಏನು?" ಅಂತ ನಾನೂ ಹಟ್ಟಿಗೆ ಬರುವ ದಾರಿಯುದ್ದಕ್ಕೂ ಗೋಗರೆದೆ. ಅವಳು ಮುಂದೆ ಮುಂದೆ ನಡೆದಳು.

ವಿಚಾರಣೆಯ ದಿನ ನಾಯಿಯನ್ನೂ ಕರೆತರಬೇಕು ಅಂತ ಕೋರ್ಟಿನವರು ಅಂದಿದ್ದರು. ಬಸ್ಸಿನವನು ಹತ್ತಿಸಲಿಲ್ಲ. ಹಿಂದಿನ ದಿನವೇ ನಡೆದು ಮಧುಗಿರಿ ಸೇರಿದ್ದೆವು. ಕೋರ್ಟಿನ ಅಂಗಳದ ಹುಣಸೆಮರದಡಿ ಅಕ್ಕ ಕಂಬಳಿ ಇಟ್ಟಳು. ಬಂಟ ಪಕ್ಕದಲ್ಲಿ ಕೂತ. ಒಳಗೆ ಕಿಟಕಿಯ ತುಂಬ ಏಕಶಿಲೆಯ ಬೆಟ್ಟವೇ ತುಂಬಿಕೊಂಡಿತ್ತು, ಆಕಾಶ ಕಾಣುತ್ತಲೇ ಇರಲಿಲ್ಲ. ಬಿಸಿಲಿಗೆ ಎಲ್ಲರ ಕಣ್ಣೂ ಎಳೆಯುತ್ತಿದ್ದವು. ಯಾರೋ ಓದುತ್ತಿದ್ದ ಕಾಗದದ ಸದ್ದು ಎಲ್ಲೋ ದೂರದ ಹಳ್ಳದಲ್ಲಿ ನೀರು ಹರಿದಂತೆ ಕೇಳಿಸುತ್ತಿತ್ತು.

"ನಾಯಿ ನಿನ್ನದೇನಮ್ಮ?" ನ್ಯಾಯಾಧೀಶರು ಕೇಳಿದರು.

"ನಂದಲ್ಲ ಸ್ವಾಮಿ."

ಅಬ್ಬ, ಬದುಕಿದೆವು ಅಂದುಕೊಂಡೆ. ಪರ್ವತಯ್ಯನವರೂ ಉಸಿರು ಬಿಟ್ಟರು.

"ಯತ್ತಪ್ಪಂದು" ಅಂದಳು ಅಕ್ಕ.

"ಯತ್ತಪ್ಪ ಎಲ್ಲಿದ್ದಾನೆ?"

"ಆಚೆ ಹುಣಸೆಮರದ ಕೆಳಗೆ ಕೂತವ್ನೆ."

ನ್ಯಾಯಾಧೀಶರು ಕನ್ನಡಕ ತೆಗೆದು, ಎದ್ದು ಬಾಗಿಲಿಗೇ ಬಂದರು. ಹಿಂದೆ ಎಲ್ಲರೂ ಬಂದೆವು. ಮರದಡಿ ನೆರಳು, ನೆರಳಲ್ಲಿ ಕಂಬಳಿ, ಕಂಬಳಿಯ ಪಕ್ಕ ನಾಯಿ. ಪರ್ವತಯ್ಯನವರು ಮೆಲ್ಲಗೆ, "ಆತ ತೀರ್ಕೊಂಡು ವರ್ಷವಾಯ್ತು ಸ್ವಾಮಿ. ನಾಯಿಗೆ ಈಗ ಯಾರೂ ಯಜಮಾನ್ರಿಲ್ಲ" ಅಂದರು. ಅಷ್ಟರಲ್ಲಿ ಮುನಿಸಿಪಾಲಿಟಿಯವನು ತಂತಿಯ ಕುಣಿಕೆ ಹಿಡಿದು ಮರದ ಕಡೆ ಹೊರಟಿದ್ದ. ಬಂಟ ಗುರ್ರೆಂದ. ಕಂಬಳಿ ಬಿಟ್ಟು ಕದಲಲಿಲ್ಲ.

ಅಕ್ಕ ಮೆಟ್ಟಿಲಿಳಿದು ಹೋದಳು. ಕಂಬಳಿಯ ಮುಂದೆ ನಿಂತಳು. ಈಗ ಎಬ್ಬಿಸುತ್ತಾಳೆ ಅಂದುಕೊಂಡೆ. ಎಬ್ಬಿಸಲಿಲ್ಲ. ಬಗ್ಗಿ ಕಂಬಳಿ ಎತ್ತಿ, ಕೊಡವಿ, ತನ್ನ ಹೆಗಲ ಮೇಲೆ ಹೊದ್ದುಕೊಂಡಳು. ಬಂಟ ಎದ್ದು ಬಂದು ಅವಳ ಕಾಲ ಬಳಿ ನಿಂತ.

"ಯತ್ತಪ್ಪ ಸತ್ತೋದ ಸ್ವಾಮಿ" ಅಂದಳು. ಆ ಮಾತು ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು. "ನಾಯಿ ನಂದು. ಬರ್ಕಳಿ." ಆಮೇಲೆ ನಾಗಲಿಂಗಯ್ಯನವರ ಕಡೆ ತಿರುಗಿ ಕೈ ಮುಗಿದಳು. "ತಪ್ಪಾತು ಸಾವ್ಕಾರ್ರೆ. ಕಚ್ಚಿದ್ದು ನನ್ನ ನಾಯಿ."

ನಾಗಲಿಂಗಯ್ಯನವರು ಕಟ್ಟು ಹಾಕಿದ ಕೈಯನ್ನು ನೋಡಿಕೊಂಡರು. "ಇಷ್ಟನ್ನ ಅವತ್ತೇ ಯಾರಾದ್ರೂ ಅಂದಿದ್ರೆ ನಾನ್ಯಾಕಮ್ಮ ಇಲ್ಲಿಗೆ ಬರ್ತಿದ್ದೆ" ಅಂದರು.

ಸಂಜೆ ಕಲಾಪ ಮುಗಿದು ಕೋರ್ಟು ಏಳುವ ತನಕ ಅಲ್ಲೇ ಕೂತಿರಬೇಕು ಅನ್ನುವುದೇ ಅಕ್ಕನಿಗೆ ಆದ ಶಿಕ್ಷೆ. ಇನ್ನು ಮುಂದೆ ನಾಯಿ ಏನು ಮಾಡಿದರೂ ಅವಳದೇ ಹೊಣೆ ಅಂತಲೂ ಹೇಳಿದರು. ಜಗಲಿಯ ಮೂಲೆಯಲ್ಲಿ ಕಂಬಳಿ ಹೊದ್ದು ಕೂತವಳು ಹಾಗೇ ನಿದ್ದೆ ಹೋದಳು. ಬಂಟ ಪಕ್ಕದಲ್ಲಿ ಕೂತ. ಬೆಟ್ಟದ ನೆರಳು ಬೀದಿ ದಾಟಿ, ಅಂಗಳ ದಾಟಿ, ಮೆಟ್ಟಿಲ ತನಕ ಬಂತು.

ಕೋರ್ಟು ಎದ್ದಿತು. ಬಾಗಿಲು ಹಾಕಲು ಬಂದ ಜವಾನ ಬೈರಪ್ಪನನ್ನು ಬಂಟ ಹತ್ತಿರಕ್ಕೂ ಬಿಡಲಿಲ್ಲ. "ನೀನೇ ಎಬ್ಬಿಸಮ್ಮ, ನನ್ನ ಕೈಲಾಗಾಕಿಲ್ಲ" ಅಂತ ಅವನು ದೂರದಲ್ಲೇ ನಿಂತ.

ಹತ್ತಿರ ಹೋದೆ. ಆ ಕಂಬಳಿಯಲ್ಲಿ ಇದ್ದದ್ದು ಅಕ್ಕ, ಅಕ್ಕ ಒಬ್ಬಳೇ. ನನಗೆ ಅಳು ತಡೆಯಲಾಗಲಿಲ್ಲ.

"ಏಳಕ್ಕಾ, ಹೋಗಾನ" ಅಂದೆ.