ಹರ್ಕಮಾಯಾಳ ಸವತಿ

"ನಂಬರೆಲ್ಲಿದೆ?"

ದನಿ ಮೋಟಾರು ಕಚೇರಿಯ ಮೈದಾನದಲ್ಲಿ ನಿಂತಿದ್ದ ಲ್ಯಾಂಡ್‌ರೋವರಿನ ಹೊಟ್ಟೆಯ ಕೆಳಗಿನಿಂದ ಬಂತು. ಮೋಟಾರು ಇನ್ಸ್‌ಪೆಕ್ಟರ್ ಬಟಬ್ಯಾಲ್ ಸಾಹೇಬರ ಬೂಟುಗಳೆರಡು ಮಾತ್ರ ಹೊರಗೆ ಕಾಣುತ್ತಿದ್ದವು. ಅನುಷ್ಮಾ ಆ ಬೂಟುಗಳಿಗೇ ಉತ್ತರ ಕೊಟ್ಟಳು.

"ಹಿತ್ತಾಳೆ ತಗಡಿನ ಮೇಲಿದೆ ಸರ್. ತಗಡು ಆಮಾ ಹತ್ರ ಇದೆ."

ಬೂಟುಗಳು ಒಂದು ಕ್ಷಣ ಯೋಚಿಸಿದವು. ಆಮೇಲೆ ಸಾಹೇಬರು ಪೂರ್ತಿಯಾಗಿ ಹೊರಗೆ ಬಂದು, ಮೊಣಕಾಲು ಕೊಡವಿಕೊಂಡರು. "ಗಾಡಿ ಮೇಲಿರಬೇಕಾದ ತಗಡು ನಿಮ್ಮ ತಾಯಿ ಹತ್ರ ಯಾಕಿದೆ?"

ಹರ್ಕಮಾಯಾ ಆಗಲೇ ತನ್ನ ಚೀಲದಿಂದ ಹಳದಿ ಬಟ್ಟೆಯ ಗಂಟು ತೆಗೆದು ಬಿಚ್ಚುತ್ತಿದ್ದಳು. ತಗಡಿನ ತಿರುಪು ಕಳಚಿ ಬಿದ್ದ ದಿನವೇ ಅದನ್ನು ದೇವರ ಗೂಡಿಗೆ ಒಯ್ದಿದ್ದಳು. ಹಿತ್ತಾಳೆಯ ವಸ್ತು ಗ್ಯಾರೇಜಿನಲ್ಲಿ ಬಿದ್ದಿರುವುದು ಅವಳ ಮನಸ್ಸಿಗೆ ಒಗ್ಗುವ ಸಂಗತಿಯಾಗಿರಲಿಲ್ಲ. ಪ್ರತಿ ದಸೈಂ ಹಬ್ಬಕ್ಕೂ ತಂಬಿಗೆ, ಗಂಟೆ, ದೀಪಗಳ ಜೊತೆ ಅದನ್ನೂ ಬೂದಿ, ನಿಂಬೆ ಹಾಕಿ ಬೆಳಗಿದ್ದಳು. ಸಾಹೇಬರ ಕೈಗೆ ಬಂದ ತಗಡಿನಲ್ಲಿ ಡಾರ್ಜಿಲಿಂಗಿನ ಆಕಾಶ ಸ್ಪಷ್ಟವಾಗಿ ಕಾಣಿಸಿತು. ಸಾಹೇಬರ ಮೂಗೂ ಕಾಣಿಸಿತು. ನಂಬರು ಮಾತ್ರ ಇರಲಿಲ್ಲ.

"ಎಷ್ಟು ಚೆನ್ನಾಗಿ ಬೆಳಗಿದ್ದೀರಿ" ಎಂದರು ಸಾಹೇಬರು.

"ಹಬ್ಬಕ್ಕೆ ಇನ್ನೂ ಚೆನ್ನಾಗಿರುತ್ತೆ" ಎಂದಳು ಹರ್ಕಮಾಯಾ, ಹೊಗಳಿಕೆಯೆಂದೇ ತಿಳಿದು.

ಹೋದ ಚಳಿಗಾಲದಲ್ಲಿ ಅವಳ ಗಂಡ ಗಜಮಾನ್ ತೀರಿಕೊಂಡಿದ್ದ. ಗಾಡಿ ಇನ್ನೂ ಅವನ ಹೆಸರಿನಲ್ಲೇ ಇತ್ತು. ತಮ್ಮೂರು ಮಾನೆಭಂಜ್ಯಾಂಗಿನಿಂದ ಸಂದಕ್‌ಫು ಬೆಟ್ಟದ ಕಲ್ಲುದಾರಿಯಲ್ಲಿ ಪ್ರವಾಸಿಗರನ್ನು ಹತ್ತಿಸಿಕೊಂಡು ಹೋಗುವುದನ್ನು ಮಗಳು ಅಪ್ಪನ ಪಕ್ಕ ಕೂತೇ ಕಲಿತಿದ್ದಳು. ಅವನ ಮಂಡಿ ಕೈಕೊಟ್ಟ ಮೇಲೆ ಅವಳೇ ಓಡಿಸುತ್ತಿದ್ದಳು. ಆದರೆ ಸತ್ತವನ ಹೆಸರಿನ ಗಾಡಿಗೆ ತೆರಿಗೆ ಕಟ್ಟಿಸಿಕೊಳ್ಳುವವರಿಲ್ಲ, ವಿಮೆ ಬರೆಯುವವರಿಲ್ಲ. ಹೆಸರು ಬದಲಾಗಬೇಕಾದರೆ ಚಾಸಿಸ್ ನಂಬರಿನ ಅಚ್ಚು ಬೇಕು: ಕಬ್ಬಿಣದಲ್ಲಿ ಕೊರೆದ ಅಂಕಿಗಳ ಮೇಲೆ ಕಾಗದವಿಟ್ಟು, ಪೆನ್ಸಿಲಿನಿಂದ ಉಜ್ಜಿ ತೆಗೆದ ಒಂದು ತುಂಡು. ಹಿಂದಿನ ಇನ್ಸ್‌ಪೆಕ್ಟರುಗಳು ಗಜಮಾನನ ಮುಖ ನೋಡಿ, ಬ್ರೇಕು ನೋಡಿ ಸಹಿ ಹಾಕಿದ್ದರು. ಈಗ ನೋಡಲು ಆ ಮುಖವಿರಲಿಲ್ಲ.

ಅಚ್ಚು ಸಿಗದಿದ್ದರೆ ಗಾಡಿ ಬರೀ ಕಬ್ಬಿಣ. ಕಬ್ಬಿಣಕ್ಕೆ ಗಿರಾಕಿ ಸಿದ್ಧವಾಗಿದ್ದ. ಸಿಲಿಗುರಿಯ ಹೋಟೆಲಿನವನೊಬ್ಬ ಅದನ್ನು ಹುಲ್ಲುಹಾಸಿನ ಮೇಲೆ ನಿಲ್ಲಿಸುತ್ತೇನೆ ಎಂದು ಹೇಳಿ ಕಳಿಸಿದ್ದ. ಆ ಮಾತು ತಂದವನು ಲಾಕ್ಪಾ, ವಿಮೆಯ ಏಜೆಂಟು. ವಿಮೆ ಮಾಡಿಸಿದರೂ ಅವನಿಗೆ ಕಮಿಷನ್ನು, ಮಾರಿಸಿದರೂ ಕಮಿಷನ್ನು. ಆದ್ದರಿಂದ ಅವನು ಯಾರ ಪರವೂ ಅಲ್ಲದೆ, ಬೀಡಿ ಸೇದುತ್ತ ಪಕ್ಕದಲ್ಲಿ ನಿಂತಿದ್ದ.

"ಇನ್ನೊಂದು ಜಾಗದಲ್ಲಿ ಇರಬೇಕು" ಎಂದರು ಬಟಬ್ಯಾಲ್. "ಬಲಗಡೆ ಮುಂದಿನ ಸ್ಪ್ರಿಂಗು ಕೂರೋ ಕಬ್ಬಿಣದ ಮೇಲೆ. ಸಾಮಾನ್ಯವಾಗಿ ತುಕ್ಕು ತಿಂದು ಹೋಗಿರುತ್ತೆ. ನೋಡೋಣ."

ಬಗ್ಗಿ ಕೈಹಾಕಿದವರು ಕೈ ಹೊರತೆಗೆದು ಬೆರಳು ನೋಡಿಕೊಂಡರು. ಬೆರಳು ಕೆಂಪಾಗಿತ್ತು. ಚಕ್ರದ ಮುಂದೆ ಕೊಂಬಿನಂತೆ ಚಾಚಿದ ಆ ಕಬ್ಬಿಣಕ್ಕೆ ಹೆಬ್ಬೆರಳಿನಷ್ಟು ದಪ್ಪದ ಸಿಂಧೂರ ಮೆತ್ತಿಕೊಂಡಿತ್ತು. ಪದರದ ಮೇಲೆ ಪದರ ಕೂತು, ಕೆಳಗಿನದು ಕಪ್ಪಾಗಿ, ಮೇಲಿನದು ಇನ್ನೂ ಹಸಿಯಾಗಿ ಹೊಳೆಯುತ್ತಿತ್ತು.

"ಒಂದು ಸ್ಕ್ರೂಡ್ರೈವರ್ ಕೊಡಮ್ಮಾ" ಎಂದರು ಅನುಷ್ಮಾಳಿಗೆ. "ಕೆರೆದು ತೆಗೆದರೆ ಗೊತ್ತಾಗುತ್ತೆ."

"ಕೈ ಹಚ್ಚಬೇಡಿ" ಎಂದಳು ಹರ್ಕಮಾಯಾ.

ದನಿ ಏರಿರಲಿಲ್ಲ. ಆದರೂ ಲಾಕ್ಪಾ ಬೀಡಿ ಕೆಳಗೆ ಹಾಕಿದ.

ಅದಕ್ಕೊಂದು ಹಿನ್ನೆಲೆಯಿತ್ತು, ಮಾನೆಭಂಜ್ಯಾಂಗಿನಲ್ಲಿ ಅದು ಎಲ್ಲರಿಗೂ ಗೊತ್ತಿದ್ದ ತಮಾಷೆ. ಮದುವೆಯಾದ ಮೂರನೆಯ ವರ್ಷ ಗಜಮಾನ್ ಚಹಾತೋಟದ ಮ್ಯಾನೇಜರನಿಂದ ಈ ಗಾಡಿ ಕೊಂಡು, ಚೆಂಡುಹೂವಿನ ಹಾರ ಹಾಕಿ, ಬ್ಯಾಂಡು ಬಾರಿಸಿಕೊಂಡು ಮನೆಗೆ ತಂದಿದ್ದ. "ಕಿರಿಯವಳನ್ನ ತಂದಿದ್ದೀನಿ, ಒಳಗೆ ಕರ್ಕೋ" ಎಂದು ಬಾಗಿಲಲ್ಲಿ ನಿಂತು ನಕ್ಕಿದ್ದ. ಹರ್ಕಮಾಯಾ ನಗಲಿಲ್ಲ. ಬಟ್ಟಲಲ್ಲಿ ಸಿಂಧೂರಕ್ಕೆ ಸಾಸಿವೆ ಎಣ್ಣೆ ಕಲಸಿ ತಂದಳು. ಬಾನೆಟ್ಟಿಗೆ ಹಚ್ಚಿದರೆ ಬಣ್ಣ ಹಾಳಾಗುತ್ತದೆ ಎಂದು ಅವನು ಗಾಬರಿಯಾದಾಗ, ಬಗ್ಗಿ ಆ ಕಬ್ಬಿಣದ ಕೊಂಬಿಗೆ ಹಚ್ಚಿದಳು. ಅಂದಿನಿಂದ ಪ್ರತಿ ವಿಶ್ವಕರ್ಮ ಪೂಜೆಗೆ ಅದೇ ಜಾಗ. ನೀರಿನ ನಲ್ಲಿಯ ಹತ್ತಿರ ಹೆಂಗಸರು "ನಿನ್ನ ಸವತಿ ಹೇಗಿದ್ದಾಳೆ?" ಎಂದು ಕೇಳುತ್ತಿದ್ದರು. "ಅವಳಿಗೇನು, ನನಗಿಂತ ಹೆಚ್ಚು ಎಣ್ಣೆ ಕುಡೀತಾಳೆ" ಎನ್ನುತ್ತಿದ್ದಳು.

"ಆಮಾ, ಅದು ಕಬ್ಬಿಣ" ಎಂದಳು ಅನುಷ್ಮಾ ಮೆಲ್ಲಗೆ.

"ನನಗೆ ಗೊತ್ತಿಲ್ವಾ ಮಗಳೇ? ನಿಮ್ಮಪ್ಪ ನನ್ನ ಪಕ್ಕ ಮಲಗಿದ್ದಕ್ಕಿಂತ ಅದರ ಕೆಳಗೆ ಮಲಗಿದ್ದೇ ಜಾಸ್ತಿ." ಹರ್ಕಮಾಯಾ ಹಿತ್ತಾಳೆ ತಗಡನ್ನು ಮತ್ತೆ ಬಟ್ಟೆಯಲ್ಲಿ ಸುತ್ತತೊಡಗಿದಳು. "ಅವರು ಹೋದ ದಿನ ನನ್ನ ಬೈತಲೆ ಸಿಂಧೂರ ಒರೆಸೋಕೆ ನಾಲ್ಕು ಜನ ಬಂದ್ರು. ಇವಳದ್ದು ಒರೆಸ್ಬೇಕು ಅಂತ ಯಾರಿಗೂ ನೆನಪಾಗ್ಲಿಲ್ಲ. ನಾನೂ ನೆನಪು ಮಾಡ್ಲಿಲ್ಲ. ಒಬ್ಬಳದ್ದಾದ್ರೂ ಇರ್ಲಿ ಅಂದ್ಕೊಂಡೆ."

ಬಟಬ್ಯಾಲ್ ಸಾಹೇಬರು ಕೆಂಪು ಬೆರಳನ್ನು ಕರವಸ್ತ್ರಕ್ಕೆ ಒರೆಸಲು ಹೋಗಿ, ಯಾಕೋ ಒರೆಸದೆ ನಿಂತರು. "ನಂಗೆ ಇನ್ನೂ ಎರಡು ಗಾಡಿ ನೋಡೋದಿದೆ" ಎಂದರು. "ನೋಡ್ಕೊಂಡು ಬರ್ತೀನಿ. ಆದರೆ ಅಮ್ಮಾ, ಅಚ್ಚಿಲ್ಲದೆ ನನ್ನ ಕೈಲಿ ಏನೂ ಆಗಲ್ಲ." ಮೈದಾನದ ಇನ್ನೊಂದು ತುದಿಗೆ, ಅಲ್ಲಿ ಅಂಥ ಅವಸರವೇನೂ ಇರದಿದ್ದರೂ, ಬಿರಬಿರನೆ ನಡೆದರು.

ಲಾಕ್ಪಾ ಗಂಟಲು ಸರಿಮಾಡಿಕೊಂಡ. "ಬೇಜಾರ್ ಮಾಡ್ಕೋಬೇಡಿ ಆಮಾ. ಹೋಟೆಲಿನವರು ಚೆನ್ನಾಗೇ ನೋಡ್ಕೋತಾರೆ. ಟೈರ್ ತೆಗೆದು ಸಿಮೆಂಟಲ್ಲಿ ಕೂರಿಸ್ತಾರೆ. ಬಾನೆಟ್ ಮೇಲೆ ಹೂಕುಂಡ ಇಡ್ತಾರಂತೆ. ಸಂಜೆ ಲೈಟು. ಜನ ಪಕ್ಕದಲ್ಲಿ ನಿಂತು ಫೋಟೋ..."

"ಏನಿಡ್ತಾರೆ?"

"ಹೂಕುಂಡ."

"ಇವಳ ತಲೆ ಮೇಲಾ?"

"ಜೆರೇನಿಯಂ" ಎಂದ ಲಾಕ್ಪಾ, ಹೂವಿನ ಜಾತಿ ಒಳ್ಳೆಯದಾದರೆ ಒಪ್ಪಿಯಾಳು ಎಂಬಂತೆ.

ಹರ್ಕಮಾಯಾ ಮಗಳ ಕಡೆ ನೋಡಿದಳು. ಅನುಷ್ಮಾ ಗಾಡಿಯ ಬಾಗಿಲಿನ ಹಿಡಿಕೆಯನ್ನು ಸುಮ್ಮನೆ ಹಿಡಿದುಕೊಂಡು ನಿಂತಿದ್ದಳು, ಯಾರೋ ಈಗಲೇ ಕಿತ್ತುಕೊಂಡು ಹೋಗುತ್ತಾರೋ ಎಂಬಂತೆ.

"ಸೀಮೆಎಣ್ಣೆ ಇದೆಯೇನೇ?"

"ಡೀಸೆಲ್ ಇದೆ."

"ಕೊಡು. ಸ್ಕ್ರೂಡ್ರೈವರ್ ಬೇಡ. ಗೀಚಿಬಿಡುತ್ತೆ."

ಅವಳು ಕಲ್ಲುನೆಲದ ಮೇಲೆ ಕೂತು, ಹೊದ್ದ ಶಾಲಿನ ತುದಿಯನ್ನು ಡೀಸೆಲಿನಲ್ಲಿ ಅದ್ದಿ, ಒರೆಸತೊಡಗಿದಳು. ಮೊದಲು ಹಸಿ ಕೆಂಪು ಬಂತು, ಆಮೇಲೆ ಇಟ್ಟಿಗೆಯ ಬಣ್ಣ, ಆಮೇಲೆ ಕಪ್ಪು ಅಂಟು. ಅನುಷ್ಮಾ ಬಗ್ಗಿ ಕೈಕೂಡಿಸಲು ಹೋದಾಗ ಮೊಣಕೈಯಿಂದ ತಳ್ಳಿದಳು. "ನೀನು ಮಗಳು. ನಿನಗಲ್ಲ ಈ ಕೆಲಸ." ತುಸು ಹೊತ್ತಿನ ಮೇಲೆ ಕಬ್ಬಿಣಕ್ಕೇ ಹೇಳಿದಳು, "ತಾಳು, ಆಯ್ತು. ನನಗೆ ಬಂದವರು ಇಷ್ಟು ನಿಧಾನಕ್ಕೆ ಮಾಡ್ಲಿಲ್ಲ ಗೊತ್ತಾ."

ಲಾಕ್ಪಾ ಬೆಟ್ಟದ ಕಡೆ ತಿರುಗಿಕೊಂಡ. ಅಲ್ಲಿ ಮಂಜಿನ ಹೊರತು ನೋಡುವಂಥದ್ದೇನೂ ಇರಲಿಲ್ಲ.

ಬಟಬ್ಯಾಲ್ ಹಿಂತಿರುಗಿದಾಗ ಕಬ್ಬಿಣ ಬರಿದಾಗಿತ್ತು. ಕಾಗದವಿಟ್ಟು, ಪೆನ್ಸಿಲನ್ನು ಅಡ್ಡ ಹಿಡಿದು ಉಜ್ಜಿದರು. ಬೂದು ಬಣ್ಣದೊಳಗಿಂದ ಅಂಕಿಗಳು ಒಂದೊಂದಾಗಿ ಎದ್ದು ಬಂದವು. ಅವರು ಓದುತ್ತ ಹೋದರು; ಅನುಷ್ಮಾ ಅಪ್ಪನ ಹಳೆಯ ನೋಂದಣಿ ಪುಸ್ತಕ ಹಿಡಿದು ಪ್ರತಿ ಅಂಕಿಗೂ "ಹೂಂ" ಎಂದಳು. ಕೊನೆಯದು ಮೂರೋ ಎಂಟೋ ತಿಳಿಯಲಿಲ್ಲ. ಹರ್ಕಮಾಯಾ ಹೆಬ್ಬೆರಳಿಗೆ ಉಗುಳು ಹಚ್ಚಿ ಒಮ್ಮೆ ಒತ್ತಿ ತಿಕ್ಕಿದಳು. ಸಂದಿಯಲ್ಲಿದ್ದ ಕೆಂಪು ಚೂರು ಉದುರಿತು.

"ಎಂಟು" ಎಂದರು ಸಾಹೇಬರು.

"ಎಂಟೇ ಸರ್" ಎಂದವಳೇ ಅನುಷ್ಮಾ ಅಲ್ಲೇ ಮಡ್‌ಗಾರ್ಡಿಗೆ ಒರಗಿ ಕೂತುಬಿಟ್ಟಳು.

ಬಟಬ್ಯಾಲ್ ಇನ್ನೂ ಕಬ್ಬಿಣವನ್ನೇ ನೋಡುತ್ತಿದ್ದರು. "ಈ ಜಾಗ ತುಕ್ಕು ಹಿಡಿಯದೆ ಉಳಿದಿದ್ದು ನನ್ನ ಸರ್ವಿಸಿನಲ್ಲೇ ನೋಡಿಲ್ಲ. ಯಾವ ಗ್ರೀಸು ಹಚ್ತಿದ್ರಿ?"

"ಸಾಸಿವೆ ಎಣ್ಣೆ" ಎಂದಳು ಹರ್ಕಮಾಯಾ. "ಗಾಣದ್ದು. ಡಬ್ಬಿದಲ್ಲ."

ಆಮೇಲಿನದೆಲ್ಲ ಸಲೀಸಾಗಿ ನಡೆಯಿತು. ತೆರಿಗೆಯ ಕಿಟಕಿಯಲ್ಲಿ ಕಂಪ್ಯೂಟರು ಗಾಡಿ ಹುಟ್ಟಿದ ವರ್ಷವನ್ನು ಮೊದಲು ನಂಬಲಿಲ್ಲ. ಗುಮಾಸ್ತ ಎರಡು ಸಲ ಹೇಳಿದ ಮೇಲೆ ಒಪ್ಪಿಕೊಂಡಿತು. ಲಾಕ್ಪಾ ಮರದ ಬೆಂಚಿನ ಮೇಲೆ ವಿಮೆಯ ಕಾಗದ ಬರೆಯುತ್ತ ಕೂತ. ಹೋಟೆಲಿನವನನ್ನು ಅವನು ಆಗಲೇ ಮರೆತಿದ್ದ.

"ಒಂದು ವಿಷಯ ಆಮಾ. ಇಷ್ಟು ಹಳೇ ಗಾಡಿಗೆ ಕಂಪನಿ ಬೆಲೆ ಕಟ್ಟಲ್ಲ. ಇದರಿಂದ ಬೇರೆಯವರಿಗೆ ಏನಾದ್ರೂ ಆದ್ರೆ ದುಡ್ಡು ಕೊಡುತ್ತೆ. ಇದಕ್ಕೇ ಏನಾದ್ರೂ ಆದ್ರೆ ಏನೂ ಸಿಗಲ್ಲ."

"ನಮ್ಮನೇಲಿ ಸವತಿಯರಿಬ್ಬರದ್ದೂ ಹಾಗೇ ಅಲ್ವಾ" ಎಂದಳು ಹರ್ಕಮಾಯಾ. ಮಗಳು ಜೋರಾಗಿ ನಕ್ಕಳು. ಅಪ್ಪ ಹೋದ ಮೇಲೆ ಆ ನಗು ಯಾರೂ ಕೇಳಿರಲಿಲ್ಲ. ಅವಳಿಗೇ ಗಾಬರಿಯಾಗಿ ಬಾಯಿಗೆ ಕೈ ಅಡ್ಡ ಹಿಡಿದಳು.

ಬೀದಿಬದಿಯಲ್ಲಿ ಮೋಮೋ ತಿಂದು ಹೊರಟರು. ಮುಂದಿನ ಸೀಟು ಯಾವಾಗಲೂ ಬಾಡಿಗೆಯವರದ್ದು. ಈ ದಿನ ಅಲ್ಲಿ ಹರ್ಕಮಾಯಾ ಕೂತಳು. ಘೂಮ್ ದಾಟುವಷ್ಟರಲ್ಲಿ ಮಂಜು ರಸ್ತೆಗಿಳಿದಿತ್ತು, ಅವಳು ನಿದ್ದೆಹೋಗಿದ್ದಳು. ಎಷ್ಟು ತೊಳೆದರೂ ಹೋಗದ ಕೆಂಪು ಬೆರಳುಗಳ ಆ ಕೈ ಮಡಿಲಿನಿಂದ ಜಾರಿ ಗೇರಿನ ಹಿಡಿಯ ಮೇಲೆ ಬಿದ್ದಿತ್ತು. ತಿರುವು ಬಂದಾಗ ಅನುಷ್ಮಾ ಅದನ್ನು ಎತ್ತಿ ಪಕ್ಕಕ್ಕಿಟ್ಟು ಗೇರು ಬದಲಿಸಿದಳು. ಮುಂದಿನ ತಿರುವಿಗೆ ಅದು ಮತ್ತೆ ಅಲ್ಲಿಗೇ ಬಂದು ಕೂತಿತ್ತು. ಈ ಸಲ ಅವಳು ಆ ಕೈಯ ಮೇಲೆಯೇ ಕೈಯಿಟ್ಟು ಎರಡನೇ ಗೇರಿಗೆ ಎಳೆದಳು. ಗಾಡಿ ಒಂದು ಸಲ ಗೊಣಗಿ ಏರು ಹತ್ತತೊಡಗಿತು.